ಊರಿನ ಶಾಸನ ಬೇರೆ, ಮನೆಯ ಕಂಬ ಬೇರೆ

ಊರಲ್ಲಿ ಹೊಯ್ಸಳರ ಶಾಸನ ಇದೆ, ಹಾಗಾಗಿ ಅಲ್ಲಿನ ಹಳೇ ತೊಟ್ಟಿಮನೆಯೂ ಹೊಯ್ಸಳರ ಕಾಲದ್ದು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳ ಫೋಟೋ ಕೆಳಗೆ ಈ ವಾದ ಆಗಾಗ ಕಾಣುತ್ತೆ. ಇದು ನಿಲ್ಲುವ ವಾದ ಅಲ್ಲ.

ತರೀಕೆರೆ ತಾಲ್ಲೂಕಿನ ಅಮೃತಾಪುರವನ್ನೇ ನೋಡಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕ್ರಿ.ಶ. 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿಗೆ ಅಲ್ಲಿನ ಶಾಸನವೇ ಸಾಕ್ಷಿ. ಆ ಸಾಕ್ಷಿ ಗುಡಿಗೆ ಮಾತ್ರ. ಪಕ್ಕದ ಬೀದಿಯ ಮನೆಗೆ ಆ ತೇದಿಯನ್ನು ಕಡ ಕೊಡಲಾಗದು.

ಶಾಸನಗಳಲ್ಲಿ ಮನೆ ಬರುವುದಿಲ್ಲವೇ? ಬರುತ್ತೆ. ರೈಸ್ ಅವರು 1901ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ಅಂದಿನ ಕಡೂರು ಜಿಲ್ಲೆಯದು. ಆ ಕಾಲದ ದಾನಶಾಸನಗಳಲ್ಲಿ ಗದ್ದೆ, ಬೆದ್ದಲು, ಗಾಣದ ಜೊತೆಗೇ ಮನೆಯೂ ಇರುತ್ತೆ. ಮನೆವಣ ಎಂಬ ತೆರಿಗೆಯೂ ಇತ್ತು. ಆದರೆ ಅಲ್ಲಿ ಮನೆ ಅಂದರೆ ದಾನ ಕೊಡುವ, ತೆರಿಗೆ ಹಾಕುವ ಲೆಕ್ಕ. ಕಂಬ ಎಷ್ಟು, ತೊಲೆ ಯಾವ ಮರದ್ದು ಅಂತ ಬರೆಯುವುದು ಅದರ ಕೆಲಸವಲ್ಲ.

ಹಾಗಾದರೆ ಮರವನ್ನೇ ಕೇಳಬೇಕು. ಇಂಗ್ಲೆಂಡಿನ ಬೇಲೀಫ್ ಎಂಬ ಮರದ ಚೌಕಟ್ಟಿನ ರೈತಮನೆ 15ನೇ ಶತಮಾನದ್ದು ಅಂತ ಹೇಳೋದಕ್ಕೆ ಓಕ್ ಮರದ ಉಂಗುರಗಳ ಆಧಾರ ಇದೆ. ನಮ್ಮ ತೇಗದಲ್ಲೂ ವರ್ಷದ ಉಂಗುರ ಮೂಡುತ್ತೆ. ಕೇರಳದ ತೇಗದಿಂದ ಪುಣೆಯ ವಿಜ್ಞಾನಿಗಳು 523 ವರ್ಷಗಳ ಸರಣಿ ಕಟ್ಟಿದ್ದಾರೆ. ಹಲಸಿನ ಕಂಬದಲ್ಲಿ ಉಂಗುರ ಅಷ್ಟು ಸ್ಪಷ್ಟ ಇರಲ್ಲ. ಉಂಗುರ ಸಿಕ್ಕರೂ ಅದು ಹೇಳುವುದು ಮರ ಕಡಿದ ವರ್ಷವನ್ನು. ಹಳೇ ತೊಲೆಯನ್ನು ಹೊಸ ಮನೆಗೆ ಹಾಕುವುದು ನಮ್ಮಲ್ಲಿ ಮಾಮೂಲು. ಮಂಗಳೂರು ಹೆಂಚೂ ಹಾಗೇ: ಬಾಸೆಲ್ ಮಿಷನ್ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಅದು ಮಾಡಿನ ವಯಸ್ಸಿಗೆ ಮಿತಿ ಹಾಕುತ್ತೆ, ಕೆಳಗಿನ ಕಂಬಕ್ಕಲ್ಲ.

ಇಷ್ಟು ತಕರಾರು ಯಾಕೆ ಅಂದರೆ, 1958ರ ಕೇಂದ್ರ ಸ್ಮಾರಕ ಕಾಯ್ದೆ ಕೇಳುವ ವಯಸ್ಸು 100 ವರ್ಷ, 800 ಅಲ್ಲ. ಜೊತೆಗೆ ರಾಷ್ಟ್ರೀಯ ಮಹತ್ವ ತೋರಿಸಬೇಕು, ಅದಕ್ಕೆ ದಾಖಲೆ ಬೇಕು. 150 ವರ್ಷದ ಮನೆಗೆ 800 ವರ್ಷ ಅಂತ ಬರೆದರೆ, ಸುಳ್ಳು ಬಯಲಾದ ದಿನ ನಿಜವಾದ 150ನ್ನೂ ಯಾರೂ ನಂಬಲ್ಲ.

ಮನೆ ಬೀಳಿಸಿ ಕಂಬ ಮಾರುವ ಮೊದಲು ಬೋದಿಗೆ, ತೊಲೆ, ಜಂತೆಗಳ ಅಳತೆ ಬರೆದಿಡಿ, ಬಾಚಿಯ ಗುರುತೋ ಗರಗಸದ ಗುರುತೋ ನೋಡಿ, ಮರದ ಹೆಸರು ಕೇಳಿ, ಮನೆಯವರ ಹತ್ರ ಹಳೇ ಪತ್ರ ಇದ್ದರೆ ಫೋಟೋ ತೆಗೀರಿ. ಕಾಲ ಆಮೇಲೆ ಹೇಳಬಹುದು.