ಆರಿದ ಮೇಲೂ ಗರಿಗರಿ

ಕರಿದ ಕೋಳಿ ಮೇಜಿಗೆ ಬಂದ ಕೂಡಲೇ ಕೈ ಹಾಕಬೇಡಿ ಎಂದರೆ ಯಾರೂ ಕೇಳುವುದಿಲ್ಲ. ನಾನೂ ಕೇಳುವವನಲ್ಲ. ಆದರೂ ಸುವೊನ್ ಊರಿನ ಕೋಳಿ ಬೀದಿಯ ಒಂದು ಅಂಗಡಿಯಲ್ಲಿ ಹಬೆಯಾಡುವ ತಟ್ಟೆಯನ್ನು ಎದುರಿಗಿಟ್ಟುಕೊಂಡು, ಗಡಿಯಾರ ನೋಡುತ್ತ, ಹತ್ತು ನಿಮಿಷ ಸುಮ್ಮನೆ ಕೂತೆ. ಪಕ್ಕದ ಮೇಜಿನ ಹುಡುಗರು ನನ್ನನ್ನೇ ನೋಡುತ್ತಿದ್ದರು. ತಂಗಿಯ ಮಗನಿಗೆ ನಾಚಿಕೆಯಾಯಿತು. "ಮಾವ, ಇದೇನು ನೈವೇದ್ಯಾನಾ? ತಿನ್ನಿ" ಅಂದ.

ನೈವೇದ್ಯವಲ್ಲ, ಪರೀಕ್ಷೆ. ಎಣ್ಣೆಯಿಂದ ಆಗತಾನೇ ಎತ್ತಿದ್ದು ಯಾವುದು ತಾನೇ ರುಚಿಯಾಗಿರುವುದಿಲ್ಲ? ಹವಾಯಿ ಚಪ್ಪಲಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದರೂ ಮೊದಲ ಎರಡು ನಿಮಿಷ ಗರಿಗರಿಯಾಗೇ ಇರುತ್ತದೆ. ಕೊರಿಯನ್ನರ ಕೋಳಿಯ ದೊಡ್ಡಸ್ತಿಕೆ ಆ ಎರಡು ನಿಮಿಷದಲ್ಲಿಲ್ಲ. ಅದು ಆಮೇಲೆ ಶುರುವಾಗುತ್ತದೆ.

ಸುವೊನ್ ಇರುವುದು ಸಿಯೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೊಂಗ್‌ಜೊ ಎಂಬ ರಾಜ ಕಟ್ಟಿಸಿದ ಕೋಟೆ ಊರಿನ ಒಂದು ಹೆಮ್ಮೆ, ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಪ್ರಧಾನ ಕಚೇರಿ ಇನ್ನೊಂದು. ನನ್ನ ಸೋದರಳಿಯ ಅಲ್ಲಿರುವುದು ಎರಡನೆಯದರ ದೆಸೆಯಿಂದ, ನಾನು ಹೋದದ್ದು ಮೂರನೆಯದರ ದೆಸೆಯಿಂದ. ಕೋಟೆಯ ದಕ್ಷಿಣ ಬಾಗಿಲು ಪಾಲ್‌ದಾಲ್‌ಮುನ್‌ನ ಹತ್ತಿರ, ಹಳ್ಳದ ಬದಿಯ ಗಲ್ಲಿಯಲ್ಲಿ ಸಾಲಾಗಿ ಕೋಳಿ ಅಂಗಡಿಗಳಿವೆ. ಬಾಗಿಲಲ್ಲೇ ಹಂಡೆಯಂಥ ಕಬ್ಬಿಣದ ಬಾಣಲೆ. ಅದರಲ್ಲಿ ಇಡೀ ಕೋಳಿಯನ್ನು ಕರಿಯುತ್ತಾರೆ. ಹೆಸರು ತೊಂಗ್‌ದಾಕ್, ಅಂದರೆ ಇಡೀ ಕೋಳಿ. ಕೇಳದಿದ್ದರೂ ತಟ್ಟೆಯ ಮೂಲೆಯಲ್ಲಿ ಕರಿದ ಕಲ್ಲೀಜ, ಒಂದೆರಡು ಕೋಳಿಪಾದ ಇಟ್ಟು ಕೊಡುತ್ತಾರೆ. ನಮ್ಮ ಮಂಡ್ಯದ ಕಡೆಯವರಿಗೆ ಆ ಬೀದಿಯಲ್ಲಿ ಪರದೇಶ ಅನ್ನಿಸುವುದು ಕಷ್ಟ.

ತೊಂಗ್‌ದಾಕ್ ಅಂದರೆ ಒಂದು ತಲೆಮಾರಿನ ಕೊರಿಯನ್ನರಿಗೆ ಕಣ್ಣಮುಂದೆ ಬರುವುದು ಹಳದಿ ಕಾಗದದ ಚೀಲ. ಸಂಬಳದ ದಿನ ಅಪ್ಪ ರಾತ್ರಿ ತಡವಾಗಿ ಬರುತ್ತಿದ್ದ, ಕೈಯಲ್ಲಿ ಎಣ್ಣೆ ಮೆತ್ತಿದ ಚೀಲ ಇರುತ್ತಿತ್ತು, ಮಲಗಿದ್ದ ಮಕ್ಕಳನ್ನು ಎಬ್ಬಿಸಿ ತಿನ್ನಿಸುತ್ತಿದ್ದ. ಇದನ್ನು ಕೇಳಿದಾಗ ನನಗೆ ನಮ್ಮಪ್ಪ ತಿಂಗಳ ಮೊದಲ ದಿನ ತರುತ್ತಿದ್ದ ಮಸಾಲೆದೋಸೆಯ ಪೊಟ್ಟಣ ನೆನಪಾಯಿತು. ಬಾಳೆಲೆ, ಅದರ ಮೇಲೆ ಪೇಪರು, ಅದರ ಮೇಲೆ ದಾರ. ಬಿಚ್ಚುವ ಹೊತ್ತಿಗೆ ದೋಸೆ ಒದ್ದೆ ಕರವಸ್ತ್ರದ ಹಾಗೆ ಮುದುಡಿಕೊಂಡಿರುತ್ತಿತ್ತು. ಆದರೂ ಜಗಳವಾಡಿಕೊಂಡು ತಿನ್ನುತ್ತಿದ್ದೆವು. ದೋಸೆಗೆ ದಾರಿ ಸಾಗುವ ವಿದ್ಯೆಯನ್ನು ನಾವು ಇವತ್ತಿಗೂ ಕಲಿಸಿಲ್ಲ. ಅವರು ಕೋಳಿಗೆ ಕಲಿಸಿದರು.

ಅದಕ್ಕೆ ಸಮಯ ಹಿಡಿಯಿತು. ಸಿಯೋಲ್‌ನ ಮ್ಯೊಂಗ್‌ದೊಂಗ್‌ನಲ್ಲಿ 1960ರಲ್ಲಿ ಶುರುವಾದ ಅಂಗಡಿಯಲ್ಲಿ ಸಿಗುತ್ತಿದ್ದದ್ದು ವಿದ್ಯುತ್ ಒಲೆಯಲ್ಲಿ ತಿರುಗಿಸಿ ಸುಟ್ಟ ಕೋಳಿ. ಕರಿಯುವಷ್ಟು ಎಣ್ಣೆ ಆಗ ಯಾರ ಬಳಿ ಇತ್ತು? 1971ರಲ್ಲಿ ದೇಶದಲ್ಲೇ ತಯಾರಾದ ಸೋಯಾ ಎಣ್ಣೆ ಮಾರುಕಟ್ಟೆಗೆ ಬಂದ ಮೇಲೆ ಬಾಣಲೆಗಳು ತುಂಬಿದವು. 1977ರಲ್ಲಿ ಶಿನ್‌ಸೆಗೆ ಎಂಬ ದೊಡ್ಡ ಮಳಿಗೆಯೊಳಗೆ ಲಿಮ್ಸ್ ಚಿಕನ್ ಶುರುವಾಗಿ, ತುಂಡು ಮಾಡಿ ಕರಿದ ಕೋಳಿಯನ್ನು ಮಾರಿತು. ಅಮೆರಿಕದ ಕೆಎಫ್‌ಸಿ ಸಿಯೋಲ್‌ನ ಜೊಂಗ್ನೊದಲ್ಲಿ ಬಾಗಿಲು ತೆರೆದದ್ದು 1984ರಲ್ಲಿ. ಅಷ್ಟು ಹೊತ್ತಿಗೆ ದೇಗು ನಗರದಲ್ಲಿ ಇದೆಲ್ಲಕ್ಕಿಂತ ದೊಡ್ಡ ಸಂಗತಿ ನಡೆದುಹೋಗಿತ್ತು.

ದೇಗುವಿನ ಯೂನ್ ಜೊಂಗ್-ಗೆ ಎಂಬ ಅಂಗಡಿಕಾರನಿಗೆ ಒಂದು ತಲೆನೋವಿತ್ತು. ಬಿಸಿಯಿರುವಾಗ ಹೊಗಳಿದ ಗಿರಾಕಿಗಳೇ ಕೋಳಿ ಆರಿದರೆ ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದರು. ಆರಿದ ಮಾಂಸ ನಾರುನಾರು, ಹೊರಗಿನ ಹಿಟ್ಟು ಅಂಗುಳಿಗೆ ಚುಚ್ಚುವಷ್ಟು ಗಟ್ಟಿ. ಮೇಲೊಂದು ಮಸಾಲೆ ಸವರಿದರೆ ಹೇಗೆ ಎಂದು ಯೋಚಿಸಿದ. ಕಿಮ್ಚಿಗೆ ಹಾಕುವ ಥರದ ಖಾರ ಮಾಡಿ ನೋಡಿದ, ಹೊಂದಲಿಲ್ಲ. ತಿಂಗಳುಗಟ್ಟಲೆ ಒದ್ದಾಡುತ್ತಿದ್ದಾಗ ನೆರೆಯ ಅಜ್ಜಿಯೊಬ್ಬರು ಮುಲ್ಯೊತ್ ಹಾಕಿ ನೋಡಪ್ಪ ಅಂದರಂತೆ. ಮುಲ್ಯೊತ್ ಅಂದರೆ ಪಿಷ್ಟದಿಂದ ತೆಗೆದ ತೆಳು ಪಾಕ. ಕೆಂಪು ಮೆಣಸಿನಪುಡಿ, ಬೆಳ್ಳುಳ್ಳಿ, ಅಜ್ಜಿಯ ಪಾಕ ಸೇರಿ 1980ರ ಸುಮಾರಿಗೆ ಹುಟ್ಟಿದ್ದೇ ಯಾಂಗ್‌ನ್ಯೊಮ್ ಚಿಕನ್. ಹೊಳೆಯುವ, ಅಂಟುವ, ಸಿಹಿಖಾರದ ಕೆಂಪು ಕೋಳಿ.

ಅಜ್ಜಿಯ ಸಲಹೆ ಯಾಕೆ ಗೆದ್ದಿತು ಅನ್ನುವುದು ನಮ್ಮ ಮನೆಗಳಲ್ಲಿ ಪಾಕ ಹಿಡಿದವರಿಗೆ ತಟ್ಟನೆ ಹೊಳೆಯುತ್ತದೆ. ಬರೀ ಸಕ್ಕರೆ ಪಾಕ ಆರಿದರೆ ಹರಳುಗಟ್ಟುತ್ತದೆ, ಅದಕ್ಕೇ ನಾವು ನಾಲ್ಕು ಹನಿ ನಿಂಬೆಹುಳಿ ಹಿಂಡುವುದು. ಪಿಷ್ಟದ ಪಾಕಕ್ಕೆ ಆ ಭಯವಿಲ್ಲ. ಆರಿದರೂ ಎಳೆಯಾಗಿ ಹೊಳೆಯುತ್ತದೆ, ತನ್ನ ನೀರನ್ನು ತಾನೇ ಹಿಡಿದಿಟ್ಟುಕೊಂಡು ಕೆಳಗಿನ ಹಿಟ್ಟಿಗೆ ಬೇಗ ಬಿಟ್ಟುಕೊಡುವುದಿಲ್ಲ. ಕೊರಿಯಾದಲ್ಲಿ ಗಾಂಗ್‌ಜೊಂಗ್ ಎಂಬ ಹಳೆಯ ಸಿಹಿತಿಂಡಿಯಿದೆ. ಅರಳಿಸಿದ ಅಕ್ಕಿಗೆ ಧಾನ್ಯದ ಪಾಕ ಹಿಡಿಸಿ ಮಾಡಿದ್ದು, ನಮ್ಮ ಪುರಿಯುಂಡೆಯ ದಾಯಾದಿ. ಪಾಕ ಹಿಡಿಸಿದ ಕೋಳಿಗೂ ಅದೇ ಹೆಸರು ಸೇರಿ ದಾಕ್‌ಗಾಂಗ್‌ಜೊಂಗ್ ಆಯಿತು. ಇಂಚೊನ್‌ನ ಸಿನ್‌ಪೊ ಮಾರುಕಟ್ಟೆಯಲ್ಲೂ ಸೊಕ್ಚೊ ಕಡಲೂರಿನಲ್ಲೂ ಜನ ಇದನ್ನು ಡಬ್ಬಿಗಟ್ಟಲೆ ಕಟ್ಟಿಸಿಕೊಂಡು ಊರಿಗೆ ಒಯ್ಯುತ್ತಾರೆ. ಆರಿಸಿಯೇ ತಿನ್ನುವವರೂ ಇದ್ದಾರೆ.

ಕೋಳಿಯ ಜತೆ ಬರುವ ಬಿಳಿ ಮೂಲಂಗಿ ಚೌಕಗಳನ್ನು, ಅದೇ ಹುಳಿಸಿಹಿ ನೀರಿನಲ್ಲಿ ತೇಲುವ ಚಿಕಿನ್-ಮುವನ್ನು, ಬಳಕೆಗೆ ತಂದದ್ದೂ ಯೂನ್ ಅವರೇ ಅನ್ನುತ್ತಾರೆ. ಸಾಸಿಗಿಂತ ದೊಡ್ಡ ಕಾಣಿಕೆ ಅದೇ ಎಂದು ನನ್ನ ವಾದ. ಮೂರನೆಯ ತುಂಡಿಗೆ ಎಣ್ಣೆ ನಾಲಿಗೆಯ ಮೇಲೆ ಚಾಪೆ ಹಾಸುತ್ತದೆ. ಒಂದು ಮೂಲಂಗಿ ಕಡಿದರೆ ಚಾಪೆ ಸುತ್ತಿ ಎತ್ತಿಟ್ಟ ಹಾಗೆ.

ಇನ್ನು ಬಾಣಲೆಯ ಕಡೆ ಬನ್ನಿ. ಎಲ್ಲ ಅಂಗಡಿಯವರೂ ಒಂದೇ ರೀತಿ ಕರಿಯುವುದಿಲ್ಲ, ಆದರೆ ಹೆಸರುವಾಸಿಯಾದ ಕ್ರಮವೆಂದರೆ ಎರಡು ಸಲ ಕರಿಯುವುದು. ಆಲೂಗಡ್ಡೆ ಪಿಷ್ಟ ಬೆರೆತ ತೆಳು ಲೇಪ ಕೊಟ್ಟು, ಮೊದಲು ಸುಮಾರು 160 ಡಿಗ್ರಿಯಲ್ಲಿ ಮಾಂಸ ಬೇಯುವವರೆಗೆ ಕರಿದು ಎತ್ತಿಬಿಡುತ್ತಾರೆ. ಗುಟ್ಟಿರುವುದು ಈ ಬಿಡುವಿನಲ್ಲಿ. ಒಳಗಿನ ಹಬೆ ಮೆಲ್ಲಗೆ ಹೊರಗಿನ ಪದರಕ್ಕೆ ಬಂದು ಅದನ್ನು ಮೆತ್ತಗೆ ಮಾಡುತ್ತದೆ. ಆಮೇಲೆ 180ರ ಹತ್ತಿರದ ಎಣ್ಣೆಯಲ್ಲಿ ಇನ್ನೊಮ್ಮೆ ಮುಳುಗಿಸಿದಾಗ ಆ ತೇವವೂ ಸಿಡಿದು ಹೋಗುತ್ತದೆ. ಮೇಜಿನ ಮೇಲೆ ಹೊರಬರಬೇಕಿದ್ದ ಹಬೆಯನ್ನು ಬಾಣಲೆಯಲ್ಲೇ ಮುಗಿಸಿ ಕಳಿಸುತ್ತಾರೆ. ಗೋಧಿಹಿಟ್ಟಿನ ಜಿಗುಟೂ ಕಡಿಮೆಯಾದ್ದರಿಂದ ಪದರ ಗಾಜಿನ ಹಾಗೆ ಒಡೆಯುತ್ತದೆ. ಆ ಸದ್ದಿಗೆ ಕೊರಿಯನ್ ಭಾಷೆಯಲ್ಲಿ ಬಾಸಾಕ್ ಅನ್ನುತ್ತಾರೆ.

ಈ ಬುದ್ಧಿ ನಮಗೆ ಹೊಸದೇನಲ್ಲ. ಮದ್ದೂರು ವಡೆ ಇನ್ನೇನು? ಅಕ್ಕಿಹಿಟ್ಟು, ರವೆ, ಮೈದಾಕ್ಕೆ ಈರುಳ್ಳಿ ಹಾಕಿ ಕಲಸಿ, ಅವಸರವಿಲ್ಲದ ಉರಿಯಲ್ಲಿ ನೀರು ಹೋಗುವವರೆಗೆ ಕರಿದದ್ದು. ರೈಲಿನಲ್ಲಿ ಕೊಂಡು ಬೆಂಗಳೂರಿನ ಮನೆಗೆ ಬಂದು ತಿಂದರೂ ಕರುಂ ಅನ್ನಬೇಕು. ಅದು ದಾರಿಗೆಂದೇ ಹುಟ್ಟಿದ ತಿಂಡಿ. ಬೋಂಡ ಹಾಗಲ್ಲ, ಬಾಣಲೆಯ ಪಕ್ಕದಲ್ಲೇ ಅದರ ಬಾಳು. ಕರಿದ ತಿಂಡಿಗಳಲ್ಲಿ ಈ ಎರಡು ಜಾತಿಯ ವ್ಯತ್ಯಾಸ ಗೊತ್ತಿಲ್ಲದವರು ಕೊರಿಯನ್ ಚಿಕನ್ ಎಂಬ ಬೋರ್ಡು ಹಾಕಿದಾಗ ಏನಾಗುತ್ತದೆ ಅನ್ನುವುದನ್ನು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಅನುಭವಿಸಿದ್ದೇನೆ. ಗೋಬಿ ಮಂಚೂರಿಯ ಸಾಸಿನಲ್ಲಿ ಕೋಳಿ ಮುಳುಗಿಸಿ, ಮೇಲೆ ಎಳ್ಳು ಉದುರಿಸಿ ತಂದಿಟ್ಟರು. ಹತ್ತು ನಿಮಿಷ ಕಾಯುವ ಅಗತ್ಯವೇ ಬೀಳಲಿಲ್ಲ.

ಸುವೊನ್‌ನಲ್ಲಿ ಕೋಳಿಗೆ ಮೊದಲು ಸಂತೆಯ ಗಾಡಿಗಳ ಮುಂದೆ ಒಂದು ಸುತ್ತು ಹಾಕಿದ್ದೆವು. ಅಲ್ಲಿನ ಶಾಸ್ತ್ರವೇ ತಿರುವುಮುರುವು. ತೊಕ್ಪೊಕ್ಕಿ ಅಂದರೆ ಅಕ್ಕಿಹಿಟ್ಟನ್ನು ಬೇಯಿಸಿ ಮಿದ್ದು ಬೆರಳುದ್ದ ಹೊಸೆದ ಕಡುಬು, ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನ ಚಟ್ನಿಯಲ್ಲಿ ಕೊತಕೊತ ಕುದಿಯುತ್ತಿರುತ್ತದೆ. ಅದನ್ನು ಕಾಯಿಸಕೂಡದು. ಆರಿದರೆ ಅಕ್ಕಿ ಬಿಗಿದು ರಬ್ಬರಾಗುತ್ತದೆ, ಸಾಸು ಗೋಂದಾಗುತ್ತದೆ. ಗಾಡಿಯ ಮುಂದೆ ನಿಂತೇ, ಕಡ್ಡಿ ಚುಚ್ಚಿ, ಬಾಯಿ ಸುಟ್ಟುಕೊಂಡೇ ತಿನ್ನಬೇಕು. ನಡುನಡುವೆ ಒಮುಕ್ ಎಂಬ ಮೀನಿನ ಹಿಟ್ಟಿನ ಪಟ್ಟಿಗಳು ಬೇಯುತ್ತಿರುವ ತಿಳಿಸಾರನ್ನು ಕಾಗದದ ಲೋಟದಲ್ಲಿ ಬಿಟ್ಟಿ ಕೊಡುತ್ತಾರೆ. ಚಳಿಯಲ್ಲಿ ಆ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುವುದೇ ಅರ್ಧ ಊಟ.

ಅರಮನೆಯ ಹಳೆಯ ತೊಕ್ಪೊಕ್ಕಿ ಸೋಯಾ ಸಾಸಿನದು, ಖಾರವಿಲ್ಲದ್ದು. ಕೆಂಪಗಾದದ್ದು ಕೊರಿಯಾ ಯುದ್ಧ ಮುಗಿದ 1953ರಲ್ಲಿ, ಸಿಯೋಲ್‌ನ ಸಿಂದಾಂಗ್‌ದೊಂಗ್‌ನಲ್ಲಿ. ಮಾ ಬೊಕ್-ರಿಮ್ ಎಂಬ ಹೆಂಗಸು ಚೀನೀ ಹೋಟೆಲಿನಲ್ಲಿ ಅಕ್ಕಿ ಕಡುಬನ್ನು ಕೈಜಾರಿ ಕಪ್ಪು ಸಾಸಿನ ನೂಡಲ್ಸ್ ಬಟ್ಟಲಿಗೆ ಬೀಳಿಸಿಕೊಂಡು, ತಿಂದು ನೋಡಿ, ಅರೆ ಅಂದದ್ದು ಕಥೆಯ ಮೊದಲು. ಆಮೇಲೆ ಅಕ್ಕಿಗೇ ತತ್ವಾರ ಬಂದಿತು. ಅರವತ್ತರ ದಶಕದಲ್ಲಿ ಸರ್ಕಾರ ಅಕ್ಕಿ ಬಿಡಿ, ಗೋಧಿ ತಿನ್ನಿ ಎಂದು ಬೆನ್ನು ಹತ್ತಿತು, ಅಮೆರಿಕದ ಗೋಧಿ ಹಡಗಿನಲ್ಲಿ ಬಂದಿಳಿಯಿತು. ನಮಗೆ ಬಂದ ಪಿಎಲ್-480 ಗೋಧಿಯೇ ಅದು. ತೊಕ್ಪೊಕ್ಕಿಯೂ ಗೋಧಿಹಿಟ್ಟಿನದಾಯಿತು. ಇಂಥ ತಿಂಡಿಗಳಿಗೆಲ್ಲ ಬುನ್‌ಸಿಕ್, ಅಂದರೆ ಹಿಟ್ಟಿನೂಟ, ಎಂಬ ಹೆಸರು ನಿಂತಿತು. ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಎಂಟಿಆರ್‌ನವರು ರವೆ ಇಡ್ಲಿ ಮಾಡಿದೆವು ಅನ್ನುತ್ತಾರಲ್ಲ, ಹಾಗೆ. ಅಕ್ಕಿ ಮರಳಿ ಬಂದ ಮೇಲೂ ರವೆ ಇಡ್ಲಿಯನ್ನು ಯಾರೂ ಬಿಡಲಿಲ್ಲ. ಅಲ್ಲಿಯೂ ಗೋಧಿಯದೇ ಬೇಕು ಅನ್ನುವವರ ಒಂದು ಪಕ್ಷವಿದೆ. ಗೋಧಿಯದಕ್ಕೆ ಸಾಸು ಚೆನ್ನಾಗಿ ಹಿಡಿಯುತ್ತದೆ. ನನ್ನ ವೋಟು ಅಕ್ಕಿಗೇ.

ಹಾಗಾಗಿ ಎರಡೂ ಒಂದೇ ಮೇಜಿಗೆ ಬರುವ ಅಂಗಡಿಯಲ್ಲಿ ಕೂತರೆ ಮೊದಲು ತೊಕ್ಪೊಕ್ಕಿ ಮುಗಿಸಿ. ಕೋಳಿ ಕಾಯುತ್ತದೆ. ಸಾಸಿನ ತಳ ಉಳಿದಿದ್ದರೆ ಕರಿದ ತರಕಾರಿಯನ್ನೋ ಗಿಂಬಾಪ್ ಎಂಬ ಅನ್ನದ ಸುರುಳಿಯ ಚೂರನ್ನೋ ಅದರಲ್ಲಿ ಹೊರಳಿಸಿ. ಕೋಳಿಯನ್ನು ಮಾತ್ರ ಬೇಡ. ಕಷ್ಟಪಟ್ಟು ಗರಿಗರಿ ಮಾಡಿದವರಿಗೆ ಅವಮಾನ.

ನನ್ನ ತಕರಾರು ಹಕ್ಕಿಯ ಬಗ್ಗೆ. ಅಲ್ಲಿನ ಫ್ರಾಂಚೈಸಿಗಳು ಹೆಚ್ಚಾಗಿ ಬಳಸುವುದು 10ನೇ ನಂಬರಿನ ಕೋಳಿ, ಶುಚಿ ಮಾಡಿದ ಮೇಲೆ ಒಂದು ಕಿಲೋ ಆಸುಪಾಸು, ವಯಸ್ಸು ಸುಮಾರು ಒಂದು ತಿಂಗಳು. ಆಹಾರ ಅಂಕಣಕಾರ ಹ್ವಾಂಗ್ ಕ್ಯೊ-ಇಕ್ ನಮ್ಮ ಕೋಳಿ ಸಣ್ಣದು, ರುಚಿಯಿಲ್ಲದ್ದು ಎಂದು 2021ರಲ್ಲಿ ಹೇಳಿ ಕೋಳಿ ಸಾಕಣೆಯವರ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡರು. ಸಣ್ಣ ಹಕ್ಕಿ ಕರಿಯಲು ಅನುಕೂಲ, ಹೊರಗೆ ಕಪ್ಪಾಗುವ ಮೊದಲೇ ಮೂಳೆಯವರೆಗೂ ಬೇಯುತ್ತದೆ. ಆದರೆ ನಾಟಿಕೋಳಿ ಸಾರಿನಲ್ಲಿ ಮುದ್ದೆ ಅದ್ದಿ ಬೆಳೆದ ನಾಲಿಗೆಗೆ ಆ ಮಾಂಸ ಇನ್ನೂ ಮಾತು ಕಲಿಯದ ಮಗು. ಮಾತೆಲ್ಲ ಚರ್ಮದ್ದು, ಉಪ್ಪಿನದು, ಬೆಳ್ಳುಳ್ಳಿಯದು. ಗುಮಿ ಊರಿನಲ್ಲಿ 1991ರಲ್ಲಿ ಶುರುವಾದ ಕ್ಯೊಚೊನ್‌ನವರ ಸೋಯಾ-ಬೆಳ್ಳುಳ್ಳಿ ಕೋಳಿ ನನಗೆ ಇಷ್ಟವಾಗುವುದು ಅದಕ್ಕೇ. ಸವರಿದ್ದೋ ಇಲ್ಲವೋ ಅನ್ನುವಷ್ಟು ತೆಳುವಾಗಿ ಸವರುತ್ತಾರೆ.

ಒಂದು ಕೋಳಿಗೆ ಎರಡೇ ಕಾಲು ಅನ್ನುವ ದುಃಖ ಅಲ್ಲಿಯೂ ಇದೆ. ಅಳಿಯ ಬಂದರೆ ಅತ್ತೆ ಮೊಟ್ಟೆಯಿಡುವ ಹೇಂಟೆಯನ್ನೇ ಕೊಯ್ಯುತ್ತಾಳೆ ಎಂಬ ಮಾತು ಕೊರಿಯನ್ನರಲ್ಲಿದೆ ಎಂದು ಸೋದರಳಿಯ ಹೇಳಿದಾಗ ಬಾಯಲ್ಲಿದ್ದ ಬಿಯರು ನೆತ್ತಿಗೇರಿತು. ನಮ್ಮೂರಲ್ಲೂ ಅಳಿಯನ ಚಪ್ಪಲಿ ಸದ್ದು ಕೇಳಿದರೆ ಮೊದಲು ಓಡುವುದು ಹಿತ್ತಲ ಹೇಂಟೆ.

ಅವನ ಆಫೀಸಿನಲ್ಲಿ ಓಡಾಡುವ ಇನ್ನೊಂದು ಮಾತು: ಯಾವ ಡಿಗ್ರಿ ಮಾಡು, ಯಾವ ಕಂಪನಿ ಸೇರು, ಕೊನೆಗೆ ಇಡುವುದು ಚಿಕನ್ ಅಂಗಡಿಯನ್ನೇ. ನಮ್ಮ ಸಾಫ್ಟ್‌ವೇರ್ ಹುಡುಗರು ಐವತ್ತಕ್ಕೆ ತೋಟ ಮಾಡ್ತೀನಿ ಅನ್ನುತ್ತಾರಲ್ಲ, ಅಂಥದ್ದೇ ತಮಾಷೆ. ಆದರೆ ಅದರಡಿ ತಮಾಷೆಯಲ್ಲದ್ದೊಂದಿದೆ. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋದ ಎಷ್ಟೋ ಜನ ಕೈಗೆ ಬಂದ ಹಣವನ್ನು ಬಾಣಲೆಗೆ ಹಾಕಿದರು, ಸಣ್ಣ ಬಂಡವಾಳಕ್ಕೆ ಕಂಡ ದಾರಿ ಅದೊಂದೇ. 2019ರ ಹೊತ್ತಿಗೆ ಆ ಪುಟ್ಟ ದೇಶದಲ್ಲಿ ಸುಮಾರು 87,000 ಕೋಳಿ ಅಂಗಡಿಗಳು. ಅದೇ ವರ್ಷ ಬಂದ 'ಎಕ್ಸ್‌ಟ್ರೀಮ್ ಜಾಬ್' ಸಿನಿಮಾದಲ್ಲಿ ಮಾದಕ ವಸ್ತುವಿನ ದಂಧೆಕೋರರನ್ನು ಹಿಡಿಯಲು ಪೊಲೀಸರು ಚಿಕನ್ ಅಂಗಡಿಯ ವೇಷ ಹಾಕುತ್ತಾರೆ, ವ್ಯಾಪಾರ ಜೋರಾಗಿ ದಂಧೆಕೋರರನ್ನೇ ಮರೆಯುವ ಹಾಗಾಗುತ್ತದೆ. ಅವರು ಮಾರುವುದು ಸುವೊನ್ ಹೆಸರಿನದೇ ಕೋಳಿ. 1.6 ಕೋಟಿ ಜನ ಅದನ್ನು ಥಿಯೇಟರಿನಲ್ಲಿ ನೋಡಿದರು. ಸಿನಿಮಾದವರು ಕಟ್ಟಿದ ಆ ತಿಂಡಿ ಆಮೇಲೆ ಈ ಬೀದಿಯ ಮೆನುವಿಗೇ ಬಂದು ಕೂತಿತು.

ಹತ್ತು ನಿಮಿಷ ಮುಗಿಯಿತು. ನಾವು ಹೇಳಿದ್ದು ಬಾನ್‌ಬಾನ್, ಅರ್ಧ ಸಾದಾ, ಅರ್ಧ ಯಾಂಗ್‌ನ್ಯೊಮ್. ಪಕ್ಕದ ಮೇಜಿನವರು ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡಿದ್ದರು, ನಾನು ಬರಿಗೈ. ಸಾದಾ ತೊಡೆಯನ್ನು ಮುರಿದೆ. ಬಾಸಾಕ್ ಅಂದಿತು. ಮೆಣಸುಪ್ಪಿಗೆ ಒತ್ತಿ ತಿಂದೆ. ಸಾಸು ಬೇಕಾಗುವುದು ಕೋಳಿ ಸೋತಾಗ ಎಂದು ಸೋದರಳಿಯನಿಗೆ ಸಣ್ಣ ಭಾಷಣವನ್ನೂ ಕೊಟ್ಟೆ. ಅವನು ಕೆಂಪು ತುಂಡುಗಳನ್ನೇ ತಿನ್ನುತ್ತ ತಲೆಯಾಡಿಸಿದ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡೆವು.

ಬೆಳಗ್ಗೆ ಆರಕ್ಕೆ ಎಚ್ಚರವಾಯಿತು. ಕಾಫಿಗೆ ಹಾಲು ಹುಡುಕಲು ಫ್ರಿಜ್ಜು ತೆಗೆದವನ ಕಣ್ಣಿಗೆ ಡಬ್ಬಿ ಬಿತ್ತು. ನಿಂತಲ್ಲೇ ಸಾದಾದ ಒಂದು ತುಂಡು ಕಚ್ಚಿದೆ. ಮೆತ್ತಗಾಗಿತ್ತು, ಒಣ ಹುಲ್ಲಿನ ಹಾಗೆ ನಾರು. ಪಕ್ಕದ ಕೆಂಪು ತುಂಡು ಕಚ್ಚಿದೆ. ತಣ್ಣನೆಯ ಪಾಕದಡಿ ಪದರ ಇನ್ನೂ ಸಣ್ಣಗೆ ಮುರಿಯಿತು, ಒಳಗೆ ಮಾಂಸ ಒದ್ದೆ. ದೇಗುವಿನ ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದು ಇನ್ನೊಂದು ತೆಗೆದುಕೊಂಡೆ. ಮೂಲಂಗಿಗೆಂದು ತಡಕಿದರೆ ಪೊಟ್ಟಣ ಖಾಲಿ. ರಾತ್ರಿ ಯಾವಾಗಲೋ ಹುಡುಗ ಎದ್ದು ಮುಗಿಸಿಬಿಟ್ಟಿದ್ದ.