ಕಚ್ಚಿಕೊಂಡ ಕ್ಲಚ್ಚು, ಕಾದು ನಿಂತ ಹೆರಾಲ್ಡ್

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೊಂಡವರು ಹೊಸ ಬ್ಯಾಟರಿ ಹಾಕಿ ಎಂಜಿನ್ ಸ್ಟಾರ್ಟ್ ಮಾಡಲು ಆತುರಪಡುತ್ತಾರೆ. ಎಂಜಿನ್ ಎದ್ದರೆ ಸಂಭ್ರಮ. ತಕರಾರು ಶುರುವಾಗುವುದು ಆಮೇಲೆ: ಪೆಡಲ್ ಪೂರ್ತಿ ಒತ್ತಿದರೂ ಗೇರ್ ಕರಕರ ಎನ್ನುತ್ತದೆಯೇ ಹೊರತು ಬೀಳುವುದಿಲ್ಲ. ಇಂಥ ಕಾರಿನಲ್ಲಿ ಎಂಜಿನ್ನಿಗಿಂತ ಮೊದಲು ಕ್ಲಚ್ ನೋಡಬೇಕು.

ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪ ಕೊಟ್ಟ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಲ್ಲಿ ಬಂತು. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಆಯಿತು. 948 ಸಿಸಿ ಎಂಜಿನ್, ಆಯಿಲ್ ಒತ್ತಡದ ಕ್ಲಚ್. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಮಾಸ್ಟರ್ ಸಿಲಿಂಡರ್ ಕೈಗೆಟಕುತ್ತದೆ. ಪರೀಕ್ಷೆ ಅಲ್ಲಿಂದಲೇ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಕಾರು ನಿಂತಲ್ಲೇ ನಿಂತರೆ ಸಿಲಿಂಡರಿನ ಒಳಗೋಡೆಗೆ ತುಕ್ಕು ಹತ್ತಿ, ರಬ್ಬರ್ ವಾಷರುಗಳು ಕೆಡುತ್ತವೆ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಸರಿಯುತ್ತದೆಂದು ನೋಡಲಿ. ಸರಿಯದಿದ್ದರೆ ದೋಷ ಆಯಿಲ್ ಹಾದಿಯಲ್ಲಿದೆ; ರಬ್ಬರ್ ಕಿಟ್ ಬದಲಿಸಿ, ಹೊಸ ಆಯಿಲ್ ಹಾಕಿ ಏರ್ ತೆಗೆದರೆ ಮುಗಿಯಬಹುದು. ರಾಡ್ ಪೂರ್ತಿ ಸರಿದೂ ಕ್ಲಚ್ ಬಿಡುತ್ತಿಲ್ಲವೆಂದರೆ ಪ್ಲೇಟು ಫ್ಲೈವ್ಹೀಲಿಗೆ ಕಚ್ಚಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಕರಾವಳಿಯಲ್ಲಿ ಮಳೆಗಾಲಗಳನ್ನು ಕಳೆದ ಕಾರಿನಲ್ಲಿ ಇದು ಮಾಮೂಲು: ತೇವ ಹೀರಿದ ಲೈನಿಂಗು, ತುಕ್ಕು ಹಿಡಿದ ಎರಕದ ಕಬ್ಬಿಣ, ಎರಡಕ್ಕೂ ತುಕ್ಕೇ ಅಂಟು.

ಕಚ್ಚಿದ್ದನ್ನು ಬಿಡಿಸಲು ಗೇರ್ ಹಾಕಿ ಎಳೆಸುವವರಿದ್ದಾರೆ. ಬೇಡ. ಲೈನಿಂಗು ಕಿತ್ತು ಬರುತ್ತದೆ, ಕೆಲವೊಮ್ಮೆ ಗೇರ್ ಬಾಕ್ಸಿಗೂ ಪೆಟ್ಟು. ನ್ಯೂಟ್ರಲ್ಲಿನಲ್ಲಿ ಎಂಜಿನ್ ಚೆನ್ನಾಗಿ ಕಾಯಿಸಿ, ಆರಿಸಿ, ಪೆಡಲಿಗೂ ಸೀಟಿಗೂ ನಡುವೆ ಮರದ ಪಟ್ಟಿ ಸಿಕ್ಕಿಸಿ ರಾತ್ರಿಯಿಡೀ ಒತ್ತಿಟ್ಟರೆ ಹಲವು ಸಲ ತಾನಾಗಿ ಬಿಡುತ್ತದೆ. ಮರುದಿನ ಎಂಜಿನ್ ಆರಿಸಿಯೇ ಟಾಪ್ ಗೇರಿನಲ್ಲಿಟ್ಟು, ಪೆಡಲ್ ಒತ್ತಿ, ಕಾರನ್ನು ಹಿಂದಕ್ಕೂ ಮುಂದಕ್ಕೂ ಕೈಯಿಂದ ಅಲ್ಲಾಡಿಸಬೇಕು. ಆಗಲಿಲ್ಲವೋ, ಮತ್ತೊಂದು ರಾತ್ರಿ.

ಬಿಟ್ಟುಕೊಂಡ ಕ್ಲಚ್ ಆರೋಗ್ಯವಾಗಿದೆ ಎಂದೇನೂ ಅಲ್ಲ. ಗಾಡಿ ಎಳೆಯುವಾಗ ನಡುಗಿದರೆ ಫ್ಲೈವ್ಹೀಲಿನ ಮೈ ತುಕ್ಕಿನಿಂದ ಗುಂಡಿಬಿದ್ದಿರಬಹುದು. ಏರಿನಲ್ಲಿ ಎಂಜಿನ್ ಮಾತ್ರ ಕೂಗಿ ಕಾರು ಏರದಿದ್ದರೆ ಪ್ಲೇಟಿಗೆ ಆಯಿಲ್ ತಗುಲಿರಬಹುದು, ಲೈನಿಂಗು ಸವೆದೂ ಇರಬಹುದು. ಹೆರಾಲ್ಡಿನಲ್ಲಿ ಬಿಚ್ಚಿ ನೋಡಲು ಹಿಂಜರಿಯಬೇಕಿಲ್ಲ: ಎಂಜಿನ್ ಇಳಿಸದೆ, ಒಳಗಿನ ಟನಲ್ ಕವರ್ ತೆಗೆದು, ಗೇರ್ ಬಾಕ್ಸನ್ನು ಕಾರಿನ ಒಳಗಿನಿಂದಲೇ ಹೊರತೆಗೆಯಬಹುದು. ಅಷ್ಟು ಬಿಚ್ಚಿದ ಮೇಲೆ ರಿವೆಟ್ ತಲೆಗೆ ಹತ್ತಿರ ಸವೆದ ಪ್ಲೇಟನ್ನು ಮತ್ತೆ ಜೋಡಿಸುವುದು ತಪ್ಪು. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೇ ಬದಲಿಸಬೇಕು.

ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಗ್ಯಾರೇಜಿನವರು ಗಾಳಿ ಊದಿ ತೆಗೆಯಲು ಹೊರಟರೆ ತಡೆಯಿರಿ. ಸರಿಯಾದ ಮಾಸ್ಕ್ ಧರಿಸಿ ಒದ್ದೆ ಬಟ್ಟೆಯಿಂದಲೇ ಒರೆಸಲು ಹೇಳಿ.