ಎರಡು ಬಕೀಟಿನ ನಡುವೆ

ನಮ್ಮೂರು ಸತ್ತಿಯ ಮನೆಯ ಬಚ್ಚಲಲ್ಲಿ ಸಂಜೆ ಎರಡು ಬಕೀಟು ಅಕ್ಕಪಕ್ಕ ಕೂತಿವೆ ಎಂದರೆ, ಅವ್ವ ಅವತ್ತು ಕಬ್ಬಿನ ಹೊಲದಲ್ಲಿ ಕಸ ತೆಗೆದು ಬಂದಿದ್ದಾಳೆ ಎಂದೇ ಅರ್ಥ. ಒಂದರಲ್ಲಿ ರವದಿ ಉರಿಸಿ ಹಂಡೆಯಲ್ಲಿ ಕಾಯಿಸಿದ ನೀರು, ಇನ್ನೊಂದರಲ್ಲಿ ಹರವಿಯ ನೀರು. ಮೊದಲು ಬಿಸಿ, ಆಮೇಲೆ ತಣ್ಣಗಿನದು, ಮತ್ತೆ ಬಿಸಿ. "ಕಾಲಾಗಿನ ಭಾರ ಇಳದಂಗಾತು ನೋಡ" ಎನ್ನುತ್ತ ಗೋಡೆಗೆ ಒರಗುತ್ತಾಳೆ. ಬಿಸಿನೀರಿನ ಶಾಖ ಅವಳಿಗೆ ಹಿರಿಯರಿಂದ ಬಂದದ್ದು. ತಣ್ಣೀರಿನ ಸರದಿ ಸೇರಿದ್ದು ಪ್ರಕೃತಿ ಚಿಕಿತ್ಸೆಯ ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ.

ಶಿಬಿರದವರು ಕೊಟ್ಟ ಚೀಟಿಯನ್ನು ನಾನೂ ಓದಿದ್ದೇನೆ. 38ರಿಂದ 40 ಡಿಗ್ರಿಯ ಬಿಸಿನೀರಿನಲ್ಲಿ ಮೂರು ನಿಮಿಷ, 10ರಿಂದ 15 ಡಿಗ್ರಿಯ ತಣ್ಣೀರಿನಲ್ಲಿ ಒಂದು ನಿಮಿಷ, ಹೀಗೆ ನಾಲ್ಕೈದು ಸುತ್ತು. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ತಂಪಿಗೆ ಕುಗ್ಗುತ್ತವೆ, ಇದು ಪಂಪಿನ ಹಾಗೆ ಕೆಲಸ ಮಾಡಿ ಬಾವನ್ನೂ ನೋವನ್ನೂ ತೆಗೆಯುತ್ತದೆ ಎಂಬುದು ವಾದ. ಅದರ ಕೆಳಗೆ ಮೊಣಕಾಲ ಸವೆತದಿಂದ ನಿದ್ದೆಗೇಡಿನವರೆಗೆ ಗುಣವಾಗುವ ಕಾಯಿಲೆಗಳ ಉದ್ದನೆಯ ಪಟ್ಟಿ. ನನ್ನ ತಕರಾರು ಈ ಪಟ್ಟಿಯ ಮೇಲೆ.

ಈ ಲೆಕ್ಕಗಳ ಬೇರು ಚಳಿಯ ನಾಡಿನಲ್ಲಿದೆ. ಜರ್ಮನಿಯ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ ಬಡ ನೇಕಾರನ ಮಗ. ಕ್ಷಯದಿಂದ ಸೊರಗಿದ್ದಾಗ 1849ರ ಚಳಿಯಲ್ಲಿ ಡಾನ್ಯೂಬ್ ನದಿಯ ಕೊರೆಯುವ ನೀರಿಗೆ ಇಳಿದಿಳಿದು ಚೇತರಿಸಿಕೊಂಡವನು, 1886ರಲ್ಲಿ ತನ್ನ ಜಲಚಿಕಿತ್ಸೆಯ ಪುಸ್ತಕ ಹೊರತಂದ. ಅವನ ನಾಡಿನವನೇ ಆದ ಲೂಯಿ ಕೂನೆಯ ಸ್ನಾನಗಳನ್ನು ಗಾಂಧೀಜಿ ನೆಚ್ಚಿಕೊಂಡರು. ನಮ್ಮ ರಾಜ್ಯದಲ್ಲಿ 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜೇ ಶುರುವಾಯಿತು. ಎಲ್ಲ ಸರಿ, ಆದರೆ ಕೃಷ್ಣೆಯ ದಂಡೆಯಲ್ಲಿ ಡಾನ್ಯೂಬಿನ ನೀರು ಎಲ್ಲಿಂದ ತರುವುದು? ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲಿನ ಟಾಕಿಯ ನೀರಿಗೆ ಕೈ ಒಡ್ಡಲಾಗುವುದಿಲ್ಲ. ಡಿಸೆಂಬರ್ ನಸುಕಿನಲ್ಲಿ ಬೋರ್‌ವೆಲ್ ನೀರು ಹಬೆಯಾಡುತ್ತ ಬೆಚ್ಚಗೆ ಬರುತ್ತದೆ. ಹರವಿಯ ನೀರು ತಂಪು ನಿಜ, ಆದರೆ ಬೇಸಿಗೆಯಲ್ಲಿ ಬರ್ಫ ಸುರಿಯದೆ ಅದು 15 ಡಿಗ್ರಿಗೆ ಇಳಿಯುವ ಮಾತಿಲ್ಲ. ಚೀಟಿ ಬರೆದವರು ನಮ್ಮ ಬಚ್ಚಲನ್ನು ನೋಡಿ ಬರೆದಿಲ್ಲ.

ಹಾಗಿದ್ದರೂ ಅವ್ವನಿಗೆ ಆರಾಮ ಸಿಗುತ್ತದೆ. ಅದು ಸುಳ್ಳಲ್ಲ. ಮನೆಯಲ್ಲೇ ಮೂರು ಬೋಗುಣಿ ಇಟ್ಟು ನೋಡಬಹುದು: ಒಂದರಲ್ಲಿ ತಡೆಯುವಷ್ಟು ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರು ಬೆಚ್ಚಗಿನದು. ಆಚೀಚೆ ಒಂದೊಂದು ಕೈ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ನಡುವಿನದಕ್ಕೆ ಇಳಿಸಿದರೆ, ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ ತಾಗುತ್ತದೆ. ಚರ್ಮಕ್ಕೆ ಗೊತ್ತಾಗುವುದು ಬದಲಾವಣೆ. ಹಾಗಾಗಿ ಹರವಿಯ ನೀರೂ ಬಿಸಿನೀರಿನಿಂದೆದ್ದ ಕಾಲಿಗೆ ಹಿತವಾಗಿ ಚುರುಗುಟ್ಟುತ್ತದೆ. ನೋವಿನ ಸುದ್ದಿ ಮೆದುಳಿಗೆ ಮುಟ್ಟುವ ಮೊದಲು ಬೆನ್ನುಹುರಿಯಲ್ಲೊಂದು ಬಾಗಿಲು ದಾಟಬೇಕು, ಸ್ಪರ್ಶದಂಥ ಸಂವೇದನೆ ನುಗ್ಗಿದಾಗ ಆ ಬಾಗಿಲು ಅರ್ಧ ಮುಚ್ಚುತ್ತದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಹೇಳಿದರು. ಅವ್ವನ ಆರಾಮಕ್ಕೆ ಪಂಪಿನ ಕತೆಗಿಂತ ಇದೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ.

ಯಾಕೆಂದರೆ ಪಂಪಿನ ಕತೆ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿಲ್ಲ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮೀನಖಂಡದೊಳಗೆ ಉಷ್ಣತೆ ಅಳೆಯುವ ಸೂಜಿ ಇಳಿಸಿ ನೋಡಿದರು. ಹೊರಗೆ ನೀರು ಬಿಸಿ–ತಣ್ಣಗೆ ಬದಲಾದಂತೆ ಒಳಗಿನ ಸ್ನಾಯುವಿನ ಉಷ್ಣತೆ ಏರಿಳಿಯಲಿಲ್ಲ. 2013ರ ಒಂದು ಸಮೀಕ್ಷೆ 18 ಪ್ರಯೋಗಗಳನ್ನು ಒಟ್ಟಿಗೆ ತೂಗಿತು. ವ್ಯಾಯಾಮದ ನಂತರದ ಮೈಕೈ ನೋವಿಗೆ ಈ ಸ್ನಾನ, ಏನೂ ಮಾಡದೆ ಇರುವುದಕ್ಕಿಂತ ಮೇಲು; ಬರೀ ತಣ್ಣೀರಿಗೋ ಬರೀ ಬೆಚ್ಚನೆಯ ನೀರಿಗೋ ಹೋಲಿಸಿದರೆ ಹೇಳುವಂಥ ಹೆಚ್ಚುಗಾರಿಕೆ ಇಲ್ಲ. ಅದೂ ವ್ಯಾಯಾಮ ಮಾಡಿ ದಣಿದ ಮೈಗೆ. ನಲವತ್ತು ವರ್ಷ ಬಗ್ಗಿ ದುಡಿದು ಸವೆದ ಮೊಣಕಾಲ ಚಿಪ್ಪಿಗೆ ಬಕೀಟಿನ ನೀರು ಮುಟ್ಟುವುದಿಲ್ಲ. ಈಗಷ್ಟೇ ಉಳುಕಿದ ಕಾಲನ್ನು ಬಿಸಿನೀರಿಗೆ ಇಟ್ಟರಂತೂ ಬಾವು ಏರುತ್ತದೆ.

ನಮ್ಮದೇ ಸೀಮೆಯ ನಿಪ್ಪಾಣಿ ನೆನಪಾಗುತ್ತದೆ. 1927ರ ಮಾರ್ಚ್ ಕೊನೆಗೆ ಪ್ರವಾಸದಲ್ಲಿದ್ದ ಗಾಂಧೀಜಿ ಕೊಲ್ಹಾಪುರದಲ್ಲಿ ಕುಸಿದು, ನಿಪ್ಪಾಣಿಯಲ್ಲಿ ಹಾಸಿಗೆ ಹಿಡಿದರು. ನೀರಿನ ಚಿಕಿತ್ಸೆಯನ್ನು ಅವರಷ್ಟು ನಂಬಿದವರು ಕಡಿಮೆ. ಆದರೂ ಅವರಿಗೆ ಆಗ ಬೇಕಾದದ್ದು ವಿಶ್ರಾಂತಿ: ಮೊದಲು ಅಂಬೋಲಿ, ಆಮೇಲೆ ನಂದಿಬೆಟ್ಟದಲ್ಲಿ ವಾರಗಟ್ಟಲೆ. ಚಿಕಿತ್ಸಾಲಯಗಳಲ್ಲಿ ಹತ್ತು ದಿನ ಇದ್ದು ಬಂದವರು ನೀರಿನ ಗುಣ ಹಾಡುವಾಗಲೂ ನಾನು ಕೇಳುವುದು ಇದನ್ನೇ. ಆ ಹತ್ತು ದಿನದ ನಿದ್ದೆ, ಹಗುರ ಊಟ, ಕೆಲಸದಿಂದ ಬಿಡುವು ಇವುಗಳ ಪಾಲೆಷ್ಟು? ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳು ನಸುಕಿನಲ್ಲಿ ಹೊಲಕ್ಕಿಳಿದು, ರಾತ್ರಿ ಟ್ರ್ಯಾಕ್ಟರ್ ಬಂದಾಗ ಹೊರೆ ಹೊತ್ತು ಏರಿಸುತ್ತಾಳೆ. ಅವಳ ಜೋಪಡಿಯಲ್ಲಿ ಎರಡು ಬಕೀಟು ಸಿಕ್ಕಾವು, ಕಾಲು ಚಾಚಿ ಕೂರುವ ಅರ್ಧ ತಾಸು ಸಿಗುವುದಿಲ್ಲ. ಅವಳ ಕಾಲುನೋವಿಗೆ ನೀರಿನ ಉಪದೇಶ ಕೊಟ್ಟು ಕೂಲಿಯ, ಹೊರೆಯ, ಬಿಡುವಿನ ಮಾತೆತ್ತದಿರುವುದು ನನಗೆ ಸಹಿಸಲಾಗದ ಸಂಗತಿ.

ಅದಕ್ಕಿಂತ ದೊಡ್ಡ ತಪ್ಪೊಂದು ಆ ಚೀಟಿಯಲ್ಲಿದೆ. ನಮ್ಮ ಓಣಿಯ ಕಾಕಾನಿಗೆ ಬಹಳ ದಿನದಿಂದ ಶುಗರ್. ಅದೇ ಚೀಟಿ ನೋಡಿ ಒಂದು ಸಂಜೆ ಕಾಲು ಇಳಿಬಿಟ್ಟು ಕೂತರು. "ನೀರ ಆರ್ಯಾವಲ್ಲೋ, ಇನ್ನೊಂದ ತಂಬಗಿ ಹಾಕ" ಎಂದು ಮೊಮ್ಮಗನಿಗೆ ಹೇಳಿದರು. ಹುಡುಗ ಹಂಡೆಯಿಂದ ತೋಡಿ ಸುರಿದ, ಕಾಕಾ ಹಾಯ್ ಎನ್ನಲಿಲ್ಲ. ರಾತ್ರಿ ಹೊತ್ತಿಗೆ ಪಾದದ ತುಂಬ ಬೊಬ್ಬೆ, ಬೆಳಗ್ಗೆ ಹಿಮ್ಮಡಿಯ ಚರ್ಮ ಹಾಸಿಗೆಗೇ ಅಂಟಿತ್ತು. ಗಾಯ ಮಾಯಲು ತಿಂಗಳುಗಳೇ ಹಿಡಿದವು. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೊಂದಾಗ ಸುಡುವುದೂ ಗೊತ್ತಾಗುವುದಿಲ್ಲ, ಕೊರೆಯುವುದೂ ಗೊತ್ತಾಗುವುದಿಲ್ಲ. ಗುಣವಾಗುವ ಕಾಯಿಲೆಗಳಿಗೆ ಅಷ್ಟು ಜಾಗ ಕೊಟ್ಟ ಚೀಟಿಯಲ್ಲಿ ಶುಗರ್ ಇದ್ದವರಿಗೆ, ಕಾಲಿಗೆ ರಕ್ತ ಸರಿಯಾಗಿ ಹರಿಯದವರಿಗೆ, ಹುಣ್ಣಿದ್ದವರಿಗೆ ಒಂದು ಸಾಲಿನ ಎಚ್ಚರಿಕೆಯೂ ಇರಲಿಲ್ಲ.

ಹೋದ ವರ್ಷ ಅವ್ವನಿಗೂ ಶುಗರ್ ಕಾಣಿಸಿಕೊಂಡಿತು. ಕಾಲಿನ ಸ್ಪರ್ಶ ಇನ್ನೂ ಚೆನ್ನಾಗಿದೆ ಎಂದು ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದಾರೆ. ಆದರೂ ಈಗ ಬಕೀಟಿಗೆ ಮೊದಲು ಇಳಿಯುವುದು ನನ್ನ ಮೊಣಕೈ.

"ಆತೇನ?"

"ತಡೀಬೇ ಯವ್ವಾ, ಇನ್ನೂ ಸುಡತಾವ."

ಹರವಿಯಿಂದ ಒಂದು ತಂಬಗಿ ಬೆರೆಸಿ ಮತ್ತೆ ಮುಟ್ಟಿ ನೋಡುತ್ತೇನೆ. ಆಮೇಲೆ ಅವಳು ಸೀರೆ ಮೇಲೆತ್ತಿ ಕೂರುತ್ತಾಳೆ. ಮುಗಿದ ಮೇಲೆ ಒಣ ಅರಿವೆಯಿಂದ ಬೆರಳ ಸಂದಿಗಳನ್ನೆಲ್ಲ ಒರೆಸಿ, ಟಾರ್ಚ್ ಹಿಡಿದು ಒಂದೊಂದನ್ನೇ ನೋಡುತ್ತೇನೆ.